ಪಂಚಮಿ ಮುಗಿಯಲಿ ಎಂದವನು

ಗಿರಿಜಾ, ಡಾಕ್ಟರು ಹೇಳಿದ್ದರು. ಹೇಳಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು, ದೂರಿನಲ್ಲಿ ಬರೆದದ್ದು ಸುಳ್ಳು, ಗದಗಿನಲ್ಲಿ ಪ್ರಮಾಣ ಮಾಡಿ ನುಡಿದದ್ದು ಸುಳ್ಳು. ನಾಗರಚೌತಿಯ ಬೆಳಿಗ್ಗೆ, ರೋಣದ ಅವರ ಆಸ್ಪತ್ರೆಯ ಪಡಸಾಲೆಯಲ್ಲಿ, ನನ್ನ ಎದುರಿಗೆ ನಿಂತು — ಪಾದವನ್ನು ಇವತ್ತೇ ಕೊಯ್ದು ಕೀವು ತೆಗೆಯಬೇಕು, ತಡ ಮಾಡಿದರೆ ಕಾಲೇ ಹೋಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದರು. ಬೇಡ ಎಂದವನು ನಾನು. ಎಂಟು ವರ್ಷದಿಂದ ನೀನು ಬಲಗಾಲಿಲ್ಲದೆ ಬದುಕುತ್ತಿರುವುದು ನನ್ನಿಂದ, ಅವರಿಂದಲ್ಲ.

ಬರೆದೆ. ಇಷ್ಟು ಬರೆಯಲು ಎಂಟು ವರ್ಷ ಬೇಕಾಯಿತು ನೋಡು! ಮಂದಿಯ ಕಾಗದವಾಗಿದ್ದರೆ ಚಹಾ ಆರುವುದರೊಳಗೆ ನಾಲ್ಕು ಪುಟ ಬರೆದು ಕೈಗೆ ಕೊಡುತ್ತಿದ್ದೆ. ರೋಣದ ತಹಶೀಲ್ದಾರ ಕಚೇರಿಯ ಮುಂದೆ ಇಪ್ಪತ್ತಾರು ವರ್ಷದಿಂದ ಬಾಂಡ್ ರೈಟರ್ ಎಂದು ಕೂತವನು ನಾನು. ಖರೀದಿ ಪತ್ರ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಅಫಿಡವಿಟ್ಟು — ಅಬ್ಬಿಗೇರಿಯ ಹೊಲದವರಿಂದ ಹಿಡಿದು ಗಜೇಂದ್ರಗಡದ ಅಂಗಡಿಯವರ ತನಕ ಎಲ್ಲರಿಗೂ ಬೈದು ಬುದ್ಧಿ ಹೇಳಿದವನು. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎಂದವರಿಗೆ, "ಬಾಯಿಮಾತಿಗೆ ಏನ್ ಕಿಮ್ಮತ್ತೈತಿ? ಸಹಿ ಮಾಡಿಸ್ಕೊ, ಇಲ್ಲಂದ್ರ ನಾಳಿ ಅಳ್ತಿ" ಎಂದು ಗದರಿಸಿದವನು. ಈ ಮಾತನ್ನು ನೆನಪಿಟ್ಟುಕೋ. ನಿನಗೆ ಗೊತ್ತಿರುವುದನ್ನೂ ನಾನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀನೊಬ್ಬಳೇ ಓದಬಾರದು, ಊರೂ ಓದಬೇಕು.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಗಜೇಂದ್ರಗಡದಲ್ಲಿ ನಿನ್ನ ಮನೆಗೆ ನಾನು ಬಂದಾಗ ನೀನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಸೆರಗಿನ ಕಡೆಯ ಒಂದು ಗೇಣು ಬಾಕಿ ಇತ್ತು. "ತಡಿ ಅಣ್ಣಾ, ಇಷ್ಟ ಮುಗಿಸಿ ಬರ್ತೇನಿ" ಎಂದು ಕಾಲಹಲಗೆ ತುಳಿಯುತ್ತಲೇ ನಕ್ಕೆ. ನಿನ್ನ ಗಂಡ ವೀರಭದ್ರಪ್ಪ ನನಗೆ ನೀರು ಕೊಟ್ಟ. ನಾನು ನಿನ್ನನ್ನು ಎರಡು ಕಾಲಿನ ಮೇಲೆ ಆ ಮನೆಯಿಂದ ಕರೆದುಕೊಂಡು ನಿನ್ನ ತವರು ಸವಡಿಗೆ ಬಂದೆ.

ನಾಗಪ್ಪನನ್ನು ಮಾಡಲು ಹುತ್ತದ ಮಣ್ಣು ತರಲೆಂದು ಹೊಲದ ಬದುವಿಗೆ ಹೋದವಳು ಜಾಲಿಮುಳ್ಳು ತುಳಿದೆ. ಅವ್ವ ಪಿನ್ನಿನಿಂದ ಅರ್ಧ ಮುಳ್ಳು ತೆಗೆದಳು, ಅರ್ಧ ಒಳಗೇ ಮುರಿಯಿತು. ಅರಿಷಿಣ ಬಿಸಿ ಮಾಡಿ ಕಟ್ಟಿದಳು. ಹೊಲದ ಮಂದಿಗೆ ಮುಳ್ಳೇನು ಹೊಸದೇ? ಯಾರೂ ಲಕ್ಷ್ಯ ಕೊಡಲಿಲ್ಲ. ಮರುದಿನ ರೊಟ್ಟಿ ಹಬ್ಬ. ನೀನು ಕುಂಟುತ್ತಲೇ ಓಣಿಯ ಮನೆಮನೆಗೆ ರೊಟ್ಟಿ ಬೀರಿ ಬಂದೆ. ಅದರ ಮರುದಿನ, ಚೌತಿಯ ಬೆಳಿಗ್ಗೆ, ಮೈ ಕೆಂಡವಾಗಿತ್ತು. ಪಾದ ಊದಿ ಮಿರಿಮಿರಿ ಮಿಂಚುತ್ತಿತ್ತು, ಬೆರಳ ಸಂದಿಯಲ್ಲಿ ಕಪ್ಪು ಗುಳ್ಳೆ ಎದ್ದಿತ್ತು. ಟಂಟಂ ಆಟೋ ಮಾಡಿಕೊಂಡು ನಿನ್ನನ್ನು ರೋಣಕ್ಕೆ ಕರೆದೊಯ್ದೆ.

ಡಾಕ್ಟರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೂರಿನಲ್ಲಿ ಪುಟಪುಟಕ್ಕೂ ಬರೆದು ಅದನ್ನು ಸಾಕಷ್ಟು ಹೊಲಸು ಮಾಡಿದ್ದೇನೆ. ಅವರು ನಿನ್ನ ಪಾದ ಒತ್ತಿ ನೋಡಿದರು. ನನ್ನನ್ನು ಹೊರಗೆ ಕರೆದರು.

"ರೈಟರ್ರ, ಕೀವು ಒಳಗೊಳಗ ಮ್ಯಾಲೇರಾಕತ್ತೈತಿ. ಈಗಿಂದೀಗ ಕೊಯ್ದು ತೊಳೀಬೇಕು. ನಾಳಿ ಅಂದ್ರ ನನ್ನ ಕೈಯಾಗ ಇರಂಗಿಲ್ಲ, ಕಾಲಿಗೆ ಬರತೈತಿ."

"ಹಬ್ಬ ಐತ್ರಿ ಸಾಹೇಬ್ರ…"

"ರೋಗಕ್ಕ ಹಬ್ಬ ಗೊತ್ತಿರತೈತೇನ್ರಿ? ಶಾಣ್ಯಾ ಮಂದಿ ನೀವು!"

ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ. ಯಾಕೆ ಮಾಡಿದೆ? ಅವ್ವ ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲವೇ? ಪಂಚಮಿಯಲ್ಲಿ ನಮ್ಮ ಮನೆಯಲ್ಲಿ ಹೆಂಚು ಇಡುವುದಿಲ್ಲ, ನೆಲ ಅಗೆಯುವುದಿಲ್ಲ, ಒಂದು ಉಳ್ಳಾಗಡ್ಡಿಯನ್ನೂ ಕೊಯ್ಯುವುದಿಲ್ಲ. ಕೊಯ್ದರೆ ಅದು ನಾಗಪ್ಪನಿಗೆ ತಾಗುತ್ತದೆ, ನಾಗಪ್ಪ ಒಡಹುಟ್ಟಿದ ಗಂಡುಮಗನ ಜೀವ ಕೇಳುತ್ತಾನೆ. ನೀನು ಒಂಬತ್ತು ವರ್ಷದವಳಿದ್ದಾಗ ಪಂಚಮಿಯ ದಿನ ತಿಳಿಯದೆ ಈಳಿಗೆಯ ಮೇಲೆ ಕುಂಬಳಕಾಯಿ ಕೊಯ್ದಿದ್ದೆ. ಮುಂದೆ ಮೂರೇ ವಾರಕ್ಕೆ ಶೇಂಗಾ ಹೊಲದಲ್ಲಿ ನಮ್ಮ ತಮ್ಮ ಮಲ್ಲೂನನ್ನು ಹಾವು ಕಡಿಯಿತು. ಆರು ವರ್ಷದ ಕೂಸು. ಹೆಣದ ಮುಂದೆಯೇ ನಮ್ಮ ಸೋದರತ್ತೆ ನಿನ್ನತ್ತ ಬೆರಳು ತೋರಿಸಿ ಅತ್ತಳು. ಅವ್ವ ಅಂದಿನಿಂದ ಪಂಚಮಿ ಬಂತೆಂದರೆ ಮನೆಯ ಈಳಿಗೆ, ಕುಡಗೋಲು, ಕತ್ತರಿ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು.

ಫೋನಿನಲ್ಲಿ ಅವ್ವ ಅತ್ತಳು. "ಇರಾಂವ ನೀ ಒಬ್ಬಾಂವ. ಹಬ್ಬದಾಗ ಒಡಹುಟ್ಟಿದಕಿ ಮೈಗೆ ಕತ್ತಿ ಹಚ್ಚಸ್ತಿಯೇನೋ? ಎರಡ ದಿನ ತಡಿಯಪ್ಪಾ, ಪಂಚಮಿ ಮುಗೀಲಿ."

ಅವ್ವನ ಮೇಲೆ ಹಾಕಿಬಿಡುವುದು ಬಹಳ ಸುಲಭ. ಎಷ್ಟೋ ವರ್ಷ ನನ್ನೊಳಗೆ ಹಾಗೆಯೇ ಹಾಕಿದ್ದೇನೆ — ಮುದುಕಿ, ಓದಿಲ್ಲದವಳು, ಮಗನನ್ನು ಕಳೆದುಕೊಂಡವಳು. ಆದರೆ ಖರೇ ಹೇಳುತ್ತೇನೆ ಗಿರಿಜಾ, ಹೆದರಿದವನು ನಾನು. ಚಹಾದಂಗಡಿಯಲ್ಲಿ ಕೂತು ರಾಹುಕಾಲ ಕೇಳುವವರನ್ನು ನಗೆಯಾಡುವ ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನನಗೆ ಆಗ ನಿನ್ನ ಪಾದ ಕಾಣಲಿಲ್ಲ. ಮಲ್ಲೂನ ಬಾಯಿಯ ನೊರೆ ಕಂಡಿತು. ಅದು ನನ್ನ ಬಾಯಿ ಎಂದು ಕಂಡಿತು. ಅವ್ವನ ಅನುಮತಿ ಕೇಳಲು ನಾನು ಫೋನು ಮಾಡಿರಲಿಲ್ಲ, ಅವಳ ಬಾಯಿಂದ ಬೇಡ ಎನ್ನಿಸಲು ಮಾಡಿದ್ದೆ.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ: "ಪೇಷಂಟ್ ಒಲ್ಲೆ ಅಂತಾಳ್ರಿ. ಪಂಚಮಿ ಮುಗೀಲಿ, ನಾಡದ ಹೊತ್ತು ಮೂಡೂದ್ರಾಗ ಕರ್ಕೊಂಡ ಬರ್ತೇನಿ."

ಅವರು ಸಿಟ್ಟಾದರು. ಹಾಗಾದರೆ ಬರೆದು ಸಹಿ ಮಾಡಿರಿ ಎಂದು ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಆ ಕಟ್ಟಡದ ಬಾಡಿಗೆ ಕರಾರು ಬರೆದುಕೊಟ್ಟವನು ನಾನೇ, ಹತ್ತು ವರ್ಷದ ಪರಿಚಯ. "ಸಹಿ ಯಾಕ್ರಿ ಸಾಹೇಬ್ರ, ನಮ್ಮ ನಿಮ್ಮೊಳಗ?" ಎಂದೆ. ಅವರು ನನ್ನ ಮುಖ ನೋಡಿದರು. ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. "ಆತು, ನಿಮ್ಮ ಮಾತ ಸಾಕು. ಆದ್ರ ಬಾವು ಹಿಮ್ಮಡ ದಾಟಿತು ಅಂದ್ರ ಹಬ್ಬ ಗಿಬ್ಬ ನೋಡಬ್ಯಾಡ್ರಿ, ಎತ್ಗೊಂಡ ಬರ್ರಿ."

ಸಹಿ ಯಾಕೆ — ಊರಿಗೆಲ್ಲ ಸಹಿ ಮಾಡಿಸುವ ನಾನು ಆ ಮಾತು ಆಡಿದೆ. ಮುಂದೆ ಹೀಗಾಗುತ್ತದೆಂದು ಅಂದೇ ಲೆಕ್ಕ ಹಾಕಿದ್ದೆನೇ? ಇಲ್ಲ ಎಂದುಕೊಂಡಿದ್ದೇನೆ. ಆದರೆ ಅಂದಿಗೇ ಹದಿನೆಂಟು ವರ್ಷ ಕಾಗದದಲ್ಲಿ ಬದುಕಿದ ಕೈ ಸಹಿ ಹಾಕದೆ ಹಿಂದೆ ಸರಿಯಿತಲ್ಲ, ಅದಕ್ಕೆ ಏನೋ ಗೊತ್ತಿತ್ತೋ ಏನೋ…

ನಿನ್ನ ಹತ್ತಿರ ಬಂದೆ. "ಏನಿಲ್ಲವಾ, ಸೂಜಿ ಮಾಡ್ತಾರ, ಗುಳಗಿ ಕೊಟ್ಟಾರ, ಕರಗತೈತಿ" ಎಂದೆ. ನೀನು ನಂಬಿ ಟಂಟಂ ಹತ್ತಿದೆ.

ಪಂಚಮಿಯ ಮಧ್ಯಾಹ್ನ ಬಾವು ಹಿಮ್ಮಡ ದಾಟಿತ್ತು. ನಾನು ನೋಡಿದೆ. ಬೆರಳಿಟ್ಟು ನೋಡಿದೆ. ಹೊರಗೆ ಓಣಿಯ ಹುಡುಗಿಯರು ಜೋಕಾಲಿ ಜೀಕುತ್ತ ಕೇಕೆ ಹಾಕುತ್ತಿದ್ದರು, ನೀನು ಒಳಗೆ ಯಾರ್ಯಾರನ್ನೋ ಕರೆಯುತ್ತಿದ್ದೆ. ಇನ್ನೇನು ಅರ್ಧ ದಿನ ಎಂದುಕೊಂಡೆ. ಅರ್ಧ ದಿನ! ಮರುದಿನ ಬೆಳಿಗ್ಗೆ ರೋಣದಲ್ಲಿ ಡಾಕ್ಟರು ಅರಿವೆ ಸರಿಸಿ ನೋಡಿದಾಗ ಮೀನಖಂಡದ ತನಕ ಕಪ್ಪಾಗಿತ್ತು, ಕೋಣೆಯಲ್ಲಿ ನಿಲ್ಲಲಾಗದ ನಾತ. ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ತಾವೇ ಗಾಡಿ ತರಿಸಿ, ಹುಬ್ಬಳ್ಳಿಗೆ ಫೋನು ಮಾಡಿ ಕಳಿಸಿದರು. ಅದೇ ದಿನ ಅಲ್ಲಿ ಮೊಣಕಾಲಿನ ಮೇಲಿನಿಂದ ತೆಗೆದರು. ಜೀವ ಉಳಿಸಿದ್ದೇ ದೊಡ್ಡದು ಎಂದರು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ನಿನಗೆ ಪೂರ್ಣ ಎಚ್ಚರ ಬಂತು. ಹಾಸಿಗೆ ತಗ್ಗಾದ ಜಾಗವನ್ನು ಬಹಳ ಹೊತ್ತು ಕೈಯಿಂದ ಸವರಿದೆ. ಆಮೇಲೆ ಕೇಳಿದೆ.

"ಅಣ್ಣಾ, ಮದ್ಲ ದಿನಾನ ಕೊಯ್ದಿದ್ರ ಕಾಲ ಉಳೀತಿತ್ತಂತ ಇಲ್ಲಿ ನರ್ಸಮ್ಮ ಅಂದ್ಲು. ರೋಣದಾಗ ಡಾಕ್ಟರು ಹೇಳಲಿಲ್ಲೇನು?"

ವೀರಭದ್ರಪ್ಪ ಮಗ್ಗುಲಲ್ಲೇ ನಿಂತಿದ್ದ. ನನ್ನ ಮುಖ ನೋಡುತ್ತಿದ್ದ.

"ಇಲ್ಲವಾ," ಎಂದೆ. "ಹೇಳಿದ್ರ ನಾ ಬಿಡ್ತಿದ್ನೇನು?"

ಇಷ್ಟೇ. ಇದರ ಮೇಲೆಯೇ ಮುಂದಿನದೆಲ್ಲ ಎದ್ದು ನಿಂತಿತು. ವೀರಭದ್ರಪ್ಪ ಹಲ್ಲು ಕಡಿದು, "ಬಿಡೂದಿಲ್ಲ ಅವನ್ನ, ಕೇಸ್ ಹಾಕ್ತೇನಿ" ಎಂದ. ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ನಾನು ಬೇಡ ಎಂದರೆ ಯಾಕೆ ಬೇಡ ಎಂದು ಅವನು ಕೇಳುತ್ತಿದ್ದ. ವಕೀಲರನ್ನು ನಾನೇ ಹುಡುಕಿದೆ. ದೂರಿನ ಕರಡನ್ನು ನಾನೇ ಬರೆದೆ. "ಎದುರುದಾರರು ರೋಗದ ಗಂಭೀರತೆಯನ್ನು ಅರ್ಜಿದಾರಳಿಗಾಗಲಿ ಆಕೆಯ ಅಣ್ಣನಿಗಾಗಲಿ ತಿಳಿಸದೆ, ಬರೀ ಗುಳಿಗೆ ಕೊಟ್ಟು ಮನೆಗೆ ಕಳುಹಿಸಿ, ಘೋರ ನಿರ್ಲಕ್ಷ್ಯ ಎಸಗಿರುತ್ತಾರೆ." ವಕೀಲರು ಓದಿ, "ನಾ ಒಂದು ಅಕ್ಷರ ತಿದ್ದೂದಿಲ್ಲ ನೋಡ್ರಿ" ಎಂದರು. ಹೆಮ್ಮೆಯೆನಿಸಿತು. ಥೂ! ಆ ಹೊತ್ತಿನಲ್ಲೂ ಹೆಮ್ಮೆಯೆನಿಸಿತು.

ಗದಗಿನ ಗ್ರಾಹಕರ ಆಯೋಗದಲ್ಲಿ ನನ್ನ ಸಾಕ್ಷಿಯ ದಿನ, ಒಳಗೆ ಕರೆಯುವ ಮುಂಚೆ, ಡಾಕ್ಟರು ನನ್ನ ಬಳಿ ಬಂದರು. ತಮ್ಮ ವಕೀಲರು ಕೈ ಹಿಡಿದು ಎಳೆದರೂ ಕೊಸರಿಕೊಂಡು ಬಂದರು. "ರೈಟರ್ರ, ನನ್ನ ಮಾರಿ ನೋಡಿ ಒಂದ ಸಲ ಹೇಳ್ರಿ. ನಾ ನಿಮಗ ಹೇಳಿರಲಿಲ್ಲೇನು?"

ನೀನು ಅಲ್ಲೇ ಬೆಂಚಿನ ಮೇಲೆ ಊರುಗೋಲು ಹಿಡಿದು ಕೂತಿದ್ದೆ. ನೋಡುತ್ತಿದ್ದೆ. ನಾನು ಅವರ ಮುಖ ನೋಡಲಿಲ್ಲ. ನಮ್ಮ ವಕೀಲರ ಕಡೆ ತಿರುಗಿ ದೊಡ್ಡ ದನಿ ತೆಗೆದೆ: "ನೋಡ್ರಿ ಸಾಹೇಬ್ರ, ಸಾಕ್ಷಿಗೆ ಹೆದರಸಾಕತ್ತಾರ ಇವ್ರು!" ಮಂದಿ ಕೂಡಿದರು. ಯಾರೋ ಅವರ ತೋಳು ಹಿಡಿದು ಆಚೆ ಕರೆದೊಯ್ದರು. ಒಳಗೆ ಅವರ ವಕೀಲರು ಎಷ್ಟು ಕೆದಕಿ ಕೇಳಿದರೂ ನಾನು ಜಗ್ಗಲಿಲ್ಲ. ಹೇಳಿದ್ದಕ್ಕೆ ಕಾಗದ ಇದೆಯೇ? ಇಲ್ಲ. ನಿರಾಕರಿಸಿದ್ದಕ್ಕೆ ಸಹಿ ಇದೆಯೇ? ಇಲ್ಲ. ತೀರ್ಪು ನಮ್ಮ ಕಡೆ ಆಯಿತು. ಪರಿಹಾರ ಬಂತು, ಕೃತಕ ಕಾಲು ಬಂತು. ಅದು ತೊಡೆಗೆ ಒತ್ತಿ ಹುಣ್ಣು ಮಾಡುತ್ತದೆಂದು ನೀನು ಅದನ್ನು ಮೂಲೆಗೆ ನಿಲ್ಲಿಸಿದೆ. ಮಗ್ಗದ ಕುಣಿಯ ಮೇಲೆ ವೀರಭದ್ರಪ್ಪ ಹಲಗೆ ಹಾಸಿದ. ಈಗ ನೀನು ಆ ಹಲಗೆಯ ಮೇಲೆ ಕೂತು ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುತ್ತೀಯ.

ಕೇಸು ನಡೆಯುತ್ತಿದ್ದ ವರ್ಷಗಳಲ್ಲಿ ಅವ್ವ ಒಮ್ಮೆ ನನ್ನನ್ನು ಕರೆದು ಹೇಳಿದ್ದಳು: "ನನ್ನ ಮ್ಯಾಲ ಹಾಕಿಬಿಡೋ. ಮುದುಕಿ ಬ್ಯಾಡ ಅಂದ್ಲು ಅಂತ ಹೇಳಿಬಿಡು. ನನಗೇನ ಆಗೂದೈತಿ? ಆ ಡಾಕ್ಟರನ ಹೊಟ್ಟಿ ಮ್ಯಾಲ ಯಾಕ ಹೊಡಿತಿ?" ಸುಮ್ಮನಿರು ಎಂದು ಗದರಿಸಿದೆ. ಗದರಿಸುವುದೊಂದು ನನಗೆ ಚಲೋ ಬರುತ್ತದೆ. ಅವ್ವನ ಮೇಲೆ ಹಾಕಿದರೂ, ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು ಎಂದು ನಿನಗೆ ತಿಳಿಯುತ್ತಿತ್ತಲ್ಲ! ಹೋದ ವರ್ಷ ಅವ್ವ ತೀರಿಕೊಳ್ಳುವ ತನಕ ನಿನ್ನ ಮೊಂಡು ತೊಡೆಗೆ ಎಣ್ಣೆ ತಿಕ್ಕುತ್ತ ಬಾಯಿ ಮುಚ್ಚಿಕೊಂಡೇ ಇದ್ದಳು. ಅವಳನ್ನೂ ನಾನು ಸುಳ್ಳಿನಲ್ಲೇ ಸಾಯಿಸಿದೆ.

ಡಾಕ್ಟರು ರೋಣದ ಆಸ್ಪತ್ರೆ ಮುಚ್ಚಿ ನರಗುಂದಕ್ಕೆ ಹೋದರು. ಅವ್ವ ತೀರಿದ ಮೇಲೆ ನಾನು ಅಲ್ಲಿಗೆ ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಒಂದೇ ಕೋಣೆಯ ದವಾಖಾನೆ. ಬಾಗಿಲಿಗೆ ಕೈಬರಹದ ಹಾಳೆ ಅಂಟಿಸಿತ್ತು: "ಗಾಯ, ಕೀವು ಇಲ್ಲಿ ನೋಡುವುದಿಲ್ಲ. ಹುಬ್ಬಳ್ಳಿಗೆ ಹೋಗಿರಿ." ಜ್ವರ ಕೆಮ್ಮಿನವರ ಸಾಲಿನಲ್ಲಿ ಕೂತೆ. ನನ್ನ ಪಾಳಿ ಬಂತು. ಅವರು ತಲೆಯೆತ್ತಿ ನೋಡಿದರು. ಗುರುತು ಹತ್ತಿತು, ಖಂಡಿತ ಹತ್ತಿತು. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಏನ್ ತ್ರಾಸ?"

"ಎದಿ ಭಾರ ಆಗತೈತ್ರಿ," ಎಂದೆ. ಬಾಯಿಗೆ ಬಂದದ್ದು ಅದೊಂದೇ.

ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು, ಎದೆಗೆ ಕೊಳವೆ ಹಚ್ಚಿ ಕೇಳಿದರು. ನನ್ನಂಥವನ ಎದೆಯನ್ನು ಅಷ್ಟು ಲಕ್ಷ್ಯಗೊಟ್ಟು ಕೇಳಿದರು ಗಿರಿಜಾ. "ಏನಿಲ್ರಿ, ಆರಾಮ ಅದೀರಿ" ಎಂದರು. ನಾನು ಎದ್ದೆ. ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕೇಳಿದರು: "ತಂಗಿ ಹ್ಯಾಂಗ ಅದಾರ್ರಿ?"

"ಆರಾಮ ಅದಾಳ್ರಿ," ಎಂದು ಹೊರಗೆ ಬಂದು, ಬಸ್ ಸ್ಟ್ಯಾಂಡಿನ ಗೋಡೆಗೆ ಮುಖ ಹಚ್ಚಿ ಅತ್ತೆ. ಅತ್ತರೆ ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಿಂದಕ್ಕೆ ಹೋಗಿ ಹೇಳುವ ಧೈರ್ಯ ಆಗಲೂ ಬರಲಿಲ್ಲ.

ಈ ಸಲದ ಪಂಚಮಿಗೆ ನಿನ್ನ ಮನೆಗೇ ಬಂದೆನಲ್ಲ, ಅದೂ ಹೇಳಲೆಂದೇ ಬಂದದ್ದು. ನೀನು ಮಣೆಯ ಮೇಲೆ ಕೂತು ಮಣ್ಣಿನ ನಾಗಪ್ಪನಿಗೆ ಹಾಲೆರೆಯುತ್ತಿದ್ದೆ — ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು, ಅಣ್ಣನ ಪಾಲು… ನನ್ನ ಹೆಸರಿಗೆ ಎರಡು ಸಲ ಎರೆದೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಬಾಯಿ ತೆರೆಯುವ ಮುಂಚೆಯೇ, ನೀನೇ ಹೇಳಿದೆ.

"ಅಣ್ಣಾ, ಡಾಕ್ಟರ ಮ್ಯಾಲ ನನಗೀಗ ಸಿಟ್ಟಿಲ್ಲ. ಮಲ್ಲೂನ ಋಣ ಇತ್ತು ನನ್ನ ಮ್ಯಾಲ, ನಾಗಪ್ಪ ಕೇಳಿದ. ನಿನ್ನ ಬಿಟ್ಟು ನನ್ನ ಕಾಲ ತಗೊಂಡ. ಅಷ್ಟ ಸಾಕು ನನಗ."

ಅಷ್ಟು ಹೇಳಿ ನನಗೆ ಉಂಡಿ ತಿನ್ನಲು ಕೊಟ್ಟೆ. ನಾನು ತಿಂದೆ. ತಿಂದು, ಬಸ್ಸು ಹತ್ತಿ ರೋಣಕ್ಕೆ ಬಂದೆ. ಎಂಟು ವರ್ಷ ನೀನು ಡಾಕ್ಟರನ್ನು ಬೈಯುತ್ತಿದ್ದೀ ಎಂದುಕೊಂಡಿದ್ದೆ. ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದೆ. ಇದನ್ನು ತಿಳಿದ ಮೇಲೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ.

ನಡೆದದ್ದೆಲ್ಲವನ್ನೂ ಪ್ರಮಾಣಪತ್ರ ಮಾಡಿ, ನೋಟರಿಯ ಮುಂದೆ ಸಹಿ ಹಾಕಿ, ಇವತ್ತು ಬೆಳಿಗ್ಗೆ ನರಗುಂದಕ್ಕೂ ಗದಗಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಸುಳ್ಳು ಸಾಕ್ಷಿಗೆ ಏನು ಶಿಕ್ಷೆ ಇದೆಯೋ ಅದು ನನಗಾಗಲಿ. ನಿನಗೆ ಬಂದ ಪರಿಹಾರ ಹಿಂದಕ್ಕೆ ಹೋಗುವುದಾದರೆ ನನ್ನ ಪಾಲಿನ ಹೊಲ ಹೋಗಲಿ, ನಿನ್ನ ಮನೆಯ ಒಂದು ಕಡ್ಡಿಯೂ ಹೋಗದಂತೆ ಬರೆದಿದ್ದೇನೆ. ವೀರಭದ್ರಪ್ಪ ಬಂದು ನನ್ನ ಕುತ್ತಿಗೆ ಹಿಡಿದರೂ ಬೇಡವೆನ್ನುವುದಿಲ್ಲ. ನೀನು ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಿದರೆ ನನಗೆ ಇನ್ನೂ ಕಷ್ಟ.

ಆ ಪ್ರಮಾಣಪತ್ರದಲ್ಲೂ ಒಂದನ್ನು ಬರೆದಿಲ್ಲ. ಅದು ನಿನಗೆ ಸೇರಿದ್ದು. ಆಯೋಗಕ್ಕಿಂತ, ಊರಿಗಿಂತ ಮೊದಲು ನಿನಗೆ ಸಲ್ಲಬೇಕು. ಪೇಷಂಟ್ ಒಲ್ಲೆ ಅಂತಾಳೆ ಎಂದು ನಾನು ಡಾಕ್ಟರಿಗೆ ಹೇಳಿ ನಿನ್ನ ಬಳಿ ಬಂದೆನಲ್ಲ, ಆಗ ನೀನು ಜ್ವರದಲ್ಲಿ ಕಣ್ಣು ತೆರೆದು ನನ್ನ ಅಂಗಿಯ ತುದಿ ಹಿಡಿದುಕೊಂಡೆ. ನಿನಗೆ ಇದೊಂದೂ ನೆನಪಿಲ್ಲ, ಅದನ್ನು ನಾನು ಮುಂದೆ ಅನೇಕ ಸಲ ಸುತ್ತಿ ಬಳಸಿ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ನೀನು ಹೇಳಿದ್ದು ಇದು:

"ಅಣ್ಣಾ, ಕೊಯ್ಯೂದಿದ್ರ ಕೊಯ್ಲಿ ಬಿಡು, ತಡ್ಕೊಳ್ಳಾಕ ಆಗವಲ್ದು. ಹಬ್ಬ ಇದ್ರ ಇರ್ಲಿ. ಮಲ್ಲೂ ಸತ್ತಾಗ ನೀನ ನನ್ನ ಹಿತ್ತಲಕ್ಕ ಕರ್ಕೊಂಡ ಹೋಗಿ ಹೇಳಿದ್ದೆಲ್ಲಾ, ಕೊಯ್ದ್ರ ನಾಗಪ್ಪ ಕೇಳ್ತಾನ ಅನ್ನೂದೆಲ್ಲಾ ಸುಳ್ಳ ಅಂತ. ಆವತ್ತಿಂದ ನಾ ನಿನ್ನ ಮಾತ ನಂಬೇನಿ."

ಹೌದು, ಹೇಳಿದ್ದೆ. ಒಂಬತ್ತು ವರ್ಷದ ನೀನು ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ, ಕಾಲೇಜು ಓದುತ್ತಿದ್ದ ನಾನು ನಿನ್ನ ಕಣ್ಣೊರೆಸಿ ಹೇಳಿದ್ದೆ. ಆ ಮಾತನ್ನು ನೀನು ನಂಬಿದ್ದೆ. ನಾನು ನಂಬಿರಲಿಲ್ಲ.